ಮುತ್ತಿಗೆಯ ನಡುವೆ ಕೊಂಡ ಹೊಲ



ಆಗಮನ ಕಾಲದೊಂದಿಗೆ ಧರ್ಮಸಭೆಯ ಹೊಸ ಪೂಜಾವರ್ಷ ಆರಂಭವಾಗುತ್ತದೆ. ನೇರಳೆ ಪೂಜಾವಸ್ತ್ರ, ವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದಬತ್ತಿಗಳು, ಮನೆಗಳಲ್ಲಿ ಗೋದಲಿಯ ಸಿದ್ಧತೆ, ಇವೆಲ್ಲವೂ ನಮ್ಮನ್ನು ಭರವಸೆಯ ಕಡೆಗೆ ಕರೆಯುತ್ತವೆ.

ಭರವಸೆ ಎಂದರೇನು? ಕಷ್ಟದಲ್ಲಿರುವವರಿಗೆ ನಾವು 'ಎಲ್ಲಾ ಸರಿಹೋಗುತ್ತೆ ಬಿಡಿ' ಎಂದು ಸಮಾಧಾನ ಹೇಳುತ್ತೇವೆ. ಆದರೆ ಕೆಲವು ಕಾಯಿಲೆಗಳು ವಾಸಿಯಾಗುವುದಿಲ್ಲ, ಅಗಲಿದವರು ಮನೆಗೆ ಮರಳುವುದಿಲ್ಲ. ಹೇಳುವವರಿಗೂ ಕೇಳುವವರಿಗೂ ಇದು ಗೊತ್ತು. ಹಾಗಾದರೆ ಅಂಥ ಮನೆಯಲ್ಲಿ ಆಗಮನ ಕಾಲಕ್ಕೆ ಏನು ಅರ್ಥ?

ಆಗಮನ ಕಾಲದ ಮೊದಲ ಭಾನುವಾರ, ಮೂರು ವರ್ಷಕ್ಕೊಮ್ಮೆ, ಪ್ರವಾದಿ ಯೆರೆಮೀಯನ ಗ್ರಂಥದ 33ನೇ ಅಧ್ಯಾಯದಿಂದ ವಾಚನವಿರುತ್ತದೆ. ದಾವೀದನ ವಂಶದಲ್ಲಿ ನೀತಿಯ ಚಿಗುರು ಮೂಡುವುದೆಂಬ ವಾಗ್ದಾನ ಅದು. ಆ ಮಾತು ಹೊರಟದ್ದು ಸೆರೆಯಿಂದ. ಬಾಬಿಲೋನಿಯದ ಸೈನ್ಯ ಜೆರುಸಲೇಮಿಗೆ ಮುತ್ತಿಗೆ ಹಾಕಿತ್ತು. ನಗರ ಬೀಳುವುದೆಂದು ನಿಜ ನುಡಿದ ತಪ್ಪಿಗೆ ಅರಸ ಚಿದ್ಕೀಯನು ಪ್ರವಾದಿಯನ್ನು ಕಾವಲಿನಲ್ಲಿ ಇಟ್ಟಿದ್ದನು.

ಆಗಲೇ ಅವನ ತಂದೆಯ ಸೋದರನ ಮಗ ಹನಮೇಲನು ಬಂದು, ಅನಾತೋತ್ ಊರಿನ ತನ್ನ ಹೊಲವನ್ನು ಕೊಂಡುಕೊಳ್ಳೆಂದು ಕೇಳಿದನು. ಶತ್ರು ಬಾಗಿಲಲ್ಲಿರುವಾಗ ಹೊಲವನ್ನು ಯಾರು ಕೊಳ್ಳುತ್ತಾರೆ? ಆದರೆ ದೇವರ ಆಜ್ಞೆಯಂತೆ ಯೆರೆಮೀಯನು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟನು. ಕ್ರಯಪತ್ರ ಬರೆದು, ಸಾಕ್ಷಿ ಹಾಕಿಸಿ, ಬಹುಕಾಲ ಉಳಿಯಲೆಂದು ಮಣ್ಣಿನ ಮಡಕೆಯಲ್ಲಿ ಇಡುವಂತೆ ಬಾರೂಕನಿಗೆ ಹೇಳಿದನು. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ನಡೆಯುವುದೆಂಬುದೇ ದೇವರ ಮಾತಾಗಿತ್ತು.

ಸಂತ ತೋಮಾಸ್ ಅಕ್ವಿನಾಸರು ಭರವಸೆಗೆ ವಿರುದ್ಧವಾದ ಎರಡು ಪಾಪಗಳನ್ನು ತೋರಿಸುತ್ತಾರೆ: ಒಂದು ಹತಾಶೆ, ಇನ್ನೊಂದು ಅತಿವಿಶ್ವಾಸ. ಎಲ್ಲ ಮುಗಿಯಿತು ಎನ್ನುವುದು ಹತಾಶೆ. ಏನೂ ಆಗದು ಎನ್ನುವುದು ಅತಿವಿಶ್ವಾಸ. ಎರಡೇ ವರ್ಷದಲ್ಲಿ ಬಾಬಿಲೋನಿಯದ ನೊಗ ಮುರಿಯುವುದೆಂದು ಸಾರಿದ ಸುಳ್ಳು ಪ್ರವಾದಿ ಹನನ್ಯನದು ಇದೇ ದಾರಿ. ಯೆರೆಮೀಯನು ಎರಡನ್ನೂ ಹಿಡಿಯಲಿಲ್ಲ. ನಗರ ಬೀಳುವುದೆಂದ ಬಾಯಿಂದಲೇ ವಾಗ್ದಾನವನ್ನೂ ಸಾರಿದನು, ಕೈಯಿಂದ ಹಣವನ್ನೂ ಕೊಟ್ಟನು. ಭರವಸೆ ಕಹಿ ಸತ್ಯವನ್ನು ಮುಚ್ಚಿಡುವುದಿಲ್ಲ. ಅದರ ನಡುವೆಯೇ ದೇವರ ಮಾತಿಗೆ ತಕ್ಕ ಕೆಲಸವನ್ನು ಮಾಡುತ್ತದೆ.

ನಗರ ಬಿದ್ದಿತು. ಯೆರೆಮೀಯನನ್ನು ಜನರು ಈಜಿಪ್ಟಿಗೆ ಕರೆದೊಯ್ದರು. ಆ ಹೊಲವನ್ನು ಅವನು ಉತ್ತು ಬಿತ್ತಿದ ಸುದ್ದಿ ಎಲ್ಲಿಯೂ ಇಲ್ಲ. ಆದರೆ ಎಜ್ರನ ಗ್ರಂಥದ 2ನೇ ಅಧ್ಯಾಯದಲ್ಲಿ, ಗಡೀಪಾರಿನಿಂದ ಮರಳಿದವರ ಪಟ್ಟಿಯಲ್ಲಿ, ಒಂದು ಸಣ್ಣ ಸಾಲಿದೆ: ಅನಾತೋತಿನವರು 128 ಮಂದಿ. ಅವನು ಬೆಲೆ ಕೊಟ್ಟ ನೆಲದಲ್ಲಿ ಬೇರೆಯವರು ಕಾಲಿಟ್ಟರು. ಅವನು ಸಾರಿದ ಆ ಚಿಗುರು ಬೆತ್ಲೆಹೇಮಿನಲ್ಲಿ ಮೂಡಲು ಶತಮಾನಗಳೇ ಬೇಕಾದವು.

ನಾವೂ ಹೀಗೆ ಹೊಲ ಕೊಳ್ಳಬಹುದು. ಗುಣವಾಗದ ರೋಗಿಯ ಹಾಸಿಗೆಯನ್ನು ಇಂದೂ ಪ್ರೀತಿಯಿಂದ ಸರಿಪಡಿಸುವ ಸೊಸೆ, ಬಲಿಪೂಜೆಗೆ ಬರುವುದನ್ನೇ ಬಿಟ್ಟ ಮಗನಿಗಾಗಿ ದಿನವೂ ಜಪಸರ ಹೇಳುವ ತಾಯಿ, ಮಾತು ಬಿಟ್ಟ ಅಣ್ಣನ ಮನೆಗೆ ತಾನೇ ಮೊದಲು ಹೋಗುವ ತಮ್ಮ, ಇವರೆಲ್ಲ ತಮ್ಮ 17 ಶೆಕೆಲ್ ತೂಗಿಕೊಟ್ಟವರೇ. ಫಲವನ್ನು ಅವರು ಕಾಣದಿರಬಹುದು. ಆದರೆ ಕ್ರಯಪತ್ರ ದೇವರ ಬಳಿ ಭದ್ರವಾಗಿದೆ.

ಕುಟುಂಬದಲ್ಲಿ ಚಿಂತನೆಗೆ:

1. ಯೆರೆಮೀಯನ ಗ್ರಂಥದ 32ನೇ ಅಧ್ಯಾಯವನ್ನು ಸಂಜೆಯ ಪ್ರಾರ್ಥನೆಯಲ್ಲಿ ಒಟ್ಟಿಗೆ ಓದಿರಿ.
2. 'ಇನ್ನು ಪ್ರಯೋಜನವಿಲ್ಲ' ಎಂದು ನಮ್ಮ ಮನೆಯಲ್ಲಿ ಕೈಬಿಟ್ಟಿರುವ ಸಂಬಂಧ ಯಾವುದು?
3. ಕ್ರಿಸ್ತಜಯಂತಿಯ ಮೊದಲು ಅದಕ್ಕಾಗಿ ನಾವು ಮಾಡಬಹುದಾದ ಒಂದು ಕೆಲಸ ಯಾವುದು?