ಗೋದಲಿ ಕಟ್ಟಲು ಹೊತ್ತಿಲ್ಲದ ಮನೆ

ಪ್ರಶ್ನೆ: ನಾವು ಬೈಲಹೊಂಗಲ ತಾಲೂಕಿನ ಒಕ್ಕಲುತನದವರು, ಕಥೋಲಿಕರು. ಅತ್ತೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಅವರ ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಎಮ್ಮೆಗಳ ಹೆಂಡಿಕಸ ಎಲ್ಲ ನನ್ನ ಪಾಲಿಗೇ. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ಮನೆಯವರು ಕೈಗೆ ಸಿಗುವುದಿಲ್ಲ. ಪಾಲು ತೊಗೊಂಡು ಬೇರೆಯಾದ ಮೈದುನ ತಾಯಿಯ ಮುಖ ನೋಡಲಿಕ್ಕೂ ಬರುವುದಿಲ್ಲ. ಕಳೆದ ಕ್ರಿಸ್‌ಮಸ್‌ಗೆ ನಡುರಾತ್ರಿಯ ಬಲಿಪೂಜೆಗೆ ಹೋಗಲಿಲ್ಲ, ಮನೆಯಲ್ಲಿ ಗೋದಲಿಯನ್ನೂ ಕಟ್ಟಲಿಲ್ಲ. ಜಪಸರ ಹಿಡಿದರೆ ನಿದ್ದೆ ಬರುತ್ತದೆ. ದೇವರು ನಮ್ಮ ಮನೆ ದಾಟಿ ಹೋಗಿದ್ದಾನೆ ಅನಿಸುತ್ತದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ತಂಗೀ, ಅತ್ತೆ ಮಲಗಿದ ಮೇಲೆ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ರಾತ್ರಿ ಕುರಿ ಕಾಯುತ್ತಿದ್ದವರಿಗೆ ದೇವದೂತ ಕೊಟ್ಟ ಗುರುತು ಯಾವುದು? ನಕ್ಷತ್ರವಲ್ಲ, ಅದು ಮತ್ತಾಯನ ಶುಭಸಂದೇಶದಲ್ಲಿ ಪೂರ್ವದಿಕ್ಕಿನ ಜ್ಞಾನಿಗಳಿಗೆ ಕಂಡದ್ದು. ಕುರಿ ಕಾಯುವವರಿಗೆ ಸಿಕ್ಕ ಗುರುತು ಕೂಸಿಗೆ ಸುತ್ತಿದ ಬಟ್ಟೆ ಮತ್ತು ದನ ಮೇಯುವ ಗೋದಲಿ. ಬೆಳಗಾದರೆ ನಿಮ್ಮ ಕೈ ಮುಟ್ಟುವುದು ಇವೆರಡನ್ನೇ. ಆ ರಾತ್ರಿ ಮರಿಯಮ್ಮ ಯಾವ ಪ್ರಾರ್ಥನೆ ಹೇಳಿದಳೆಂದು ಲೂಕ ಬರೆದಿಲ್ಲ. ಕೂಸಿಗೆ ಬಟ್ಟೆ ಸುತ್ತಿದಳು, ಮಲಗಿಸಿದಳು, ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡಳು ಎಂದಷ್ಟೇ ಬರೆದಿದ್ದಾನೆ. ಅತ್ತೆಯ ಒದ್ದೆ ಬಟ್ಟೆ ಬದಲಿಸಿ ಮೈ ಒರೆಸುವಾಗ ನೀವು ಮಾಡುತ್ತಿರುವುದೂ ಅದೇ ಸೇವೆ. ಜಪಸರ ಹಿಡಿದು ನಿದ್ದೆ ಹೋದರೆ ಅದು ಪಾಪವಲ್ಲ, ದಣಿವು.

ನಿಮ್ಮದೇ ಸೀಮೆಯ ದೇಶನೂರಿನಲ್ಲಿ ಸ್ನಾನಿಕ ಅರುಳಪ್ಪನವರ ಹೆಸರಿನ ವಿರಕ್ತಮಠವಿದೆ. ಅಲ್ಲಿನ ಜೆಸ್ವಿಟ್ ಗುರುಗಳು ಕಾವಿ ಉಟ್ಟು, ಮಾಂಸ ಬಿಟ್ಟು, ನಿಮ್ಮ ಸೀಮೆಯ ಸ್ವಾಮಿಗಳಂತೆಯೇ ಬಾಳುವ ದಾರಿ ಹಿಡಿದವರು. ದೇವರು ಮನುಷ್ಯನಾದನೆಂದರೆ ನಮ್ಮ ಊಟ, ಉಡುಗೆ, ಕಷ್ಟದೊಳಗೇ ಇಳಿದು ಬಂದನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ನನಗೆ ತಿಳಿಯದು. ಅಂಥ ದೇವರು ಹೆಂಡಿಕಸದ ಮನೆಯನ್ನು ದಾಟಿ ಹೋಗುತ್ತಾನೆಯೇ? ಗೋದಲಿ ಕಟ್ಟಲಿಲ್ಲವೆಂಬ ಕೊರಗನ್ನೂ ಬಿಡಿ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ಹುಲ್ಲು ತರಿಸಿ ನಿಜವಾದ ಎತ್ತು, ಕತ್ತೆಗಳನ್ನೇ ಕಟ್ಟಿಸಿದ್ದರು. ನಿಮ್ಮ ಕೊಟ್ಟಿಗೆಯಲ್ಲಿ ಮೇವಿನಿಂದ ದೂರ ಒಂದು ದೀಪ ಹಚ್ಚಿದರೆ ಸಾಕು.

ಆದರೆ ಸೇವೆಯ ಹೆಸರಿನಲ್ಲಿ ಒಬ್ಬಳೇ ಹೆಣ್ಣುಮಗಳು ಸವೆದುಹೋಗಲಿ ಎಂದು ಕ್ರಿಸ್ತಜಯಂತಿ ಹೇಳುವುದಿಲ್ಲ. ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಹೆರೋದನ ಭಯ ಬಂದಾಗ ರಾತ್ರೋರಾತ್ರಿ ಎದ್ದು ತಾಯಿ, ಕೂಸನ್ನು ಈಜಿಪ್ಟಿಗೆ ಕರೆದೊಯ್ದವರು ಜೋಸೆಫರು. ಕಬ್ಬಿನ ಕೆಲಸ ಎಷ್ಟೇ ಇರಲಿ, ವಾರದಲ್ಲಿ ಎರಡು ರಾತ್ರಿಯಾದರೂ ನಿಮ್ಮ ಮನೆಯವರೇ ಅವ್ವನ ಬಳಿ ಮಲಗಲಿ, ನೀವು ಬೇರೆ ಕೋಣೆಯಲ್ಲಿ ನಿದ್ದೆ ಮಾಡಿ. ನಿಮ್ಮ ಚರ್ಚಿನ ಸ್ವಾಮಿಗಳಿಗೆ ಹೇಳಿಕಳಿಸಿ, ಹಾಸಿಗೆ ಹಿಡಿದವರಿಗೆ ಮನೆಗೇ ಪರಮಪ್ರಸಾದ ತರುವ ಪದ್ಧತಿ ಇದೆ, ಆರೈಕೆ ಮಾಡುವ ನೀವೂ ಅವರ ಜೊತೆಗೆ ಸ್ವೀಕರಿಸಬಹುದು. ಇಷ್ಟಾದರೂ ಮನಸ್ಸಿನ ಭಾರ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮೈದುನನ ಮಾತು. ಅವರನ್ನು ಕರೆಯುವ ಹೊಣೆ ನಿಮ್ಮದಲ್ಲ, ಅಣ್ಣನದು. ಹೊಲದ ಪಾಲಿನ ಮಾತು ತೆಗೆಯದೆ ಅವರೇ ತಮ್ಮನ ಮನೆಗೆ ಹೋಗಲಿ. “24ರ ರಾತ್ರಿ ಎರಡು ತಾಸು ಅವ್ವನ ಹತ್ತಿರ ಕೂಡು, ನಿನ್ನ ವೈನಿ ಪೂಜೆಗೆ ಹೋಗಿ ಬರಲಿ” ಎಂದಷ್ಟೇ ಕೇಳಲಿ. ಆತ ಒಲ್ಲೆನೆಂದರೆ ಬಾಜೂ ಮನೆಯವರನ್ನು ಕೇಳಲು ಸಂಕೋಚಪಡಬೇಡಿ. ಅವರ ಧರ್ಮ ಯಾವುದಾದರೇನು, ನೆರೆಯವರಲ್ಲವೇ? ಏನೇ ಆಗಲಿ, ಅಣ್ಣತಮ್ಮಂದಿರ ಈ ಮಾತು ಹಬ್ಬದ ದಿನದವರೆಗೆ ಉಳಿಯದಿರಲಿ. ಈ ವಾರವೇ ನಿಮ್ಮ ಮನೆಯವರನ್ನು ಕಳಿಸಿ.