ಕಾಣದ ಪೆಟ್ಟಿನ ಪರೀಕ್ಷೆ

೨೦೧೯ನೆಯ ಇಸವಿಯ ಆಗಸ್ಟ್ ೧೭ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನ ಜೋಫ್ರಾ ಆರ್ಚರ್ ಎಸೆದ ಬೌನ್ಸರೊಂದು ಆಸ್ಟ್ರೇಲಿಯದ ಸ್ಟೀವ್ ಸ್ಮಿತ್‌ರ ಕತ್ತಿಗೆ, ಎಡಗಿವಿಯ ಕೆಳಗೆ, ಬಡಿಯಿತು. ಚೆಂಡಿನ ವೇಗ ಗಂಟೆಗೆ ಸುಮಾರು ೧೪೮ ಕಿಲೋಮೀಟರು. ನೆಲಕ್ಕೊರಗಿದ ಸ್ಮಿತ್ ಎದ್ದು ಒಳಹೋದರು. ವೈದ್ಯರು ಮಾಡಿದ ಪರೀಕ್ಷೆಗಳಲ್ಲಿ ತೇರ್ಗಡೆಯಾದರು. ಮುಕ್ಕಾಲು ಗಂಟೆಯ ಬಳಿಕ ಮರಳಿ ಬಂದು ಆಡಿ ೯೨ ಓಟಗಳಿಗೆ ಔಟಾದರು. ಮರುದಿನ ಬೆಳಗ್ಗೆ ತಲೆನೋವು, ಮಂಪರು. ಅವರ ಸ್ಥಾನದಲ್ಲಿ ಮಾರ್ನಸ್ ಲಾಬುಶೇನ್ ಆಡಬೇಕಾಯಿತು. ತಲೆಪೆಟ್ಟಿನ ಕಾರಣದಿಂದ ಟೆಸ್ಟ್ ಪಂದ್ಯದಲ್ಲಿ ಬದಲಿ ಆಟಗಾರ ಬ್ಯಾಟು ಹಿಡಿದುದು ಅದೇ ಮೊದಲು.

ಹಾಗಾದರೆ ಮೊದಲ ದಿನದ ಪರೀಕ್ಷೆ ಸುಳ್ಳಾಯಿತೆ? ಪೆಟ್ಟಿನ ಸ್ವರೂಪವನ್ನು ತಿಳಿಯದೆ ಹಾಗೆನ್ನಲಾಗದು.

ಕನ್‌ಕಷನ್ ಎಂಬ ಈ ಆಘಾತದಲ್ಲಿ ತಲೆಬುರುಡೆ ಒಡೆಯಬೇಕೆಂದಿಲ್ಲ, ಪ್ರಜ್ಞೆ ತಪ್ಪಬೇಕೆಂದೂ ಇಲ್ಲ. ಪಾತ್ರೆಯೊಂದರಲ್ಲಿ ನೀರು ತುಂಬಿ, ಮೇಲೆ ಸ್ವಲ್ಪ ಭತ್ತದ ಹೊಟ್ಟು ಉದುರಿಸಿ, ಪಾತ್ರೆಯನ್ನು ಥಟ್ಟನೆ ತಿರುಗಿಸಿ ನೋಡಿರಿ. ಪಾತ್ರೆ ತಿರುಗುತ್ತದೆ; ಹೊಟ್ಟು ಬಹುಮಟ್ಟಿಗೆ ಇದ್ದಲ್ಲಿಯೇ ನಿಲ್ಲುತ್ತದೆ. ಇದು ಜಡತ್ವದ ಕೆಲಸ. ಮಿದುಳು ನೀರಲ್ಲ, ಗಿಣ್ಣಿನಂತೆ ಮೃದುವಾದ ವಸ್ತು. ತಲೆ ಹಠಾತ್ತನೆ ಹೊರಳಿದಾಗ ಅದರ ಹೊರಭಾಗ ಬುರುಡೆಯೊಡನೆ ಚಲಿಸಿ ಒಳಭಾಗ ಹಿಂದುಳಿಯುತ್ತದೆ. ಪದರದ ಮೇಲೆ ಪದರ ಜಾರಿ ನಡುವಣ ನರತಂತುಗಳು ಸೆಳೆಯಲ್ಪಡುತ್ತವೆ. ಇದನ್ನು ೧೯೪೩ರಲ್ಲಿ ಜೆಲಟಿನ್ ಮಾದರಿಗಳ ಮೂಲಕ ವಿಶದಪಡಿಸಿದವರು ಆಕ್ಸ್‌ಫರ್ಡಿನ ಹೋಲ್ಬೋರ್ನ್. ಅವರು ವೈದ್ಯರಲ್ಲ, ಭೌತವಿಜ್ಞಾನಿ! ಮಿದುಳನ್ನು ಅದುಮಿ ಕುಗ್ಗಿಸುವುದು ಬಹು ಕಷ್ಟ, ಅದರ ಆಕಾರವನ್ನು ಕೆಡಿಸುವುದು ಬಹು ಸುಲಭ ಎಂಬುದೇ ಅವರ ವಾದದ ತಿರುಳು. ಶಿರಸ್ತ್ರಾಣವು ಬುರುಡೆಯನ್ನು ಕಾಯುತ್ತದೆ. ತಲೆಯ ಹೊರಳಾಟವನ್ನು ಪೂರ್ತಿ ತಡೆಯಲಾರದು. ಸಿ.ಟಿ. ಚಿತ್ರದಲ್ಲಿ ರಕ್ತಸ್ರಾವ ಕಂಡೀತು, ಈ ಸೂಕ್ಷ್ಮ ಸೆಳೆತ ಸಾಮಾನ್ಯವಾಗಿ ಕಾಣದು.

ಆದುದರಿಂದ ಮಿದುಳಿನ ರೂಪವನ್ನಲ್ಲ, ಅದರ ಕೆಲಸವನ್ನೇ ಪರೀಕ್ಷಿಸಬೇಕು. ‘ನಿನ್ನ ಹೆಸರೇನು?’ ಎಂದು ಕೇಳಿ ಫಲವಿಲ್ಲ. ಪೆಟ್ಟು ತಿಂದವನೂ ಸರಿಯಾಗಿಯೇ ಹೇಳುತ್ತಾನೆ. ಆಸ್ಟ್ರೇಲಿಯದ ಮ್ಯಾಡಕ್ಸ್ ಮತ್ತು ಸಂಗಡಿಗರು ೧೯೯೫ರಲ್ಲಿ ಫುಟ್‌ಬಾಲ್ ಆಟಗಾರರಲ್ಲಿ ಇದನ್ನು ತೋರಿಸಿಕೊಟ್ಟರು. ಇದು ಯಾವ ಮೈದಾನ? ಕೊನೆಯ ಗೋಲು ಯಾರದು? ಹಿಂದಿನ ಪಂದ್ಯ ಯಾರೊಡನೆ, ಗೆದ್ದಿರಾ? ಹಳೆಯ ನೆನಪು ಗಟ್ಟಿ, ಹೊಸತು ಜಾರುವಂಥದು. ಬಳಿಕ ಹೇಳಿದ ಪದಗಳನ್ನು ಒಪ್ಪಿಸುವುದು, ತಿಂಗಳುಗಳನ್ನು ಹಿಂದುಮುಂದಾಗಿ ಹೇಳುವುದು, ಕಣ್ಮುಚ್ಚಿ ನಿಲ್ಲುವುದು. ಆಟದ ಋತುವಿಗೆ ಮುನ್ನವೇ ಆರೋಗ್ಯಸ್ಥಿತಿಯಲ್ಲಿ ಪಡೆದ ಅಂಕಗಳೊಡನೆ ಇವನ್ನು ಹೋಲಿಸುವ ಪದ್ಧತಿಯುಂಟು. (ಮುಂದೆ ಸಿಕ್ಕಿಬೀಳಬಾರದೆಂದು ಆಗಲೇ ಬೇಕೆಂದು ಕಡಿಮೆ ಅಂಕ ಗಳಿಸುವ ಜಾಣರೂ ಇದ್ದಾರೆ.)

ಆದರೂ ಫಲಿತಾಂಶ ಆ ಗಳಿಗೆಗೆ ಮಾತ್ರ ಸಲ್ಲುತ್ತದೆ. ಲಕ್ಷಣಗಳು ಗಂಟೆಗಳ ತರುವಾಯ, ಮರುದಿನವೂ, ತೋರಬಹುದು. ರಗ್ಬಿಯ ಉನ್ನತ ಮಟ್ಟದ ಪಂದ್ಯಗಳಲ್ಲಿ ಪೆಟ್ಟಾದೊಡನೆ ಒಮ್ಮೆ, ಆಟ ಮುಗಿದ ಮೇಲೆ ಮತ್ತೊಮ್ಮೆ, ಎರಡು ರಾತ್ರಿ ಕಳೆದ ಬಳಿಕ ಮಗುದೊಮ್ಮೆ ಪರೀಕ್ಷಿಸುವುದು ಇದಕ್ಕಾಗಿಯೇ.

ನಮ್ಮ ಕಾಲೇಜುಗಳ ಕಬಡ್ಡಿ, ಫುಟ್‌ಬಾಲ್ ಅಂಕಣಗಳ ಬಳಿ ವೈದ್ಯರಿರುವುದು ಅಪರೂಪ. ಅಲ್ಲಿ ಸಂಶಯ ಬಂದೊಡನೆ ಆಟಗಾರನನ್ನು ಹೊರಗೆ ಕರೆಯಬೇಕು. ಆ ದಿನ ಮರಳಿ ಆಡಿಸಕೂಡದು, ಒಂಟಿಯಾಗಿ ಬಿಡಲೂ ಬಾರದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಎರಡೆರಡಾಗಿ ಕಾಣುವುದು, ಸೆಳವು, ಕತ್ತಿನ ನೋವು, ಎಚ್ಚರ ಕುಗ್ಗುವುದು – ಇವುಗಳಲ್ಲೊಂದು ಕಂಡರೂ ಪ್ರಶ್ನೆ ಕೇಳುತ್ತ ಕೂಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.