ಬಾಡಿಗೆಯ ಜೊತೆ ನೆಟ್‌ವರ್ಕ್‌ನ ಲೆಕ್ಕವೂ ಇರಲಿ

ಮನೆ ನೋಡಲು ಹೋದಾಗ ಎಲ್ಲರೂ ನಲ್ಲಿ ತಿರುಗಿಸಿ ನೋಡುತ್ತೇವೆ. ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್ ಇದೆಯೇ, ಕರೆಂಟ್ ಮೀಟರ್ ಬೇರೆ ಇದೆಯೇ ಎಂದು ವಿಚಾರಿಸುತ್ತೇವೆ. ಮುಂಗಡದಲ್ಲಿ ಐದು ಸಾವಿರ ಬಿಡಿಸಿಕೊಳ್ಳಲು ಅರ್ಧ ಗಂಟೆ ಮಾತಾಡುತ್ತೇವೆ. ನೆಟ್‌ವರ್ಕ್ ವಿಷಯ ಮಾತ್ರ ಸಾಮಾನು ಇಳಿಸಿದ ಮೇಲೆ ನೆನಪಿಗೆ ಬರುತ್ತದೆ. ಆ ಹೊತ್ತಿಗೆ ಮುಂಗಡ ಕೈಬಿಟ್ಟಿರುತ್ತದೆ, ಹನ್ನೊಂದು ತಿಂಗಳ ಕರಾರಿಗೆ ಸಹಿಯೂ ಬಿದ್ದಿರುತ್ತದೆ.

ನನಗೆ ಇದು ಹೊಟ್ಟೆಪಾಡಿನ ವಿಷಯ. ಅಂಗಡಿಗಳ, ಸಣ್ಣ ಮಿಲ್‌ಗಳ ಲೆಕ್ಕ ಬರೆದು ಮನೆಯಿಂದಲೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ಕೆಲಸ. ಪ್ರತಿ ತಿಂಗಳು ಸಲ್ಲಿಸುವವರಿಗೆ 11ನೇ ತಾರೀಖು ಒಂದು ಗಡುವು, 20ನೇ ತಾರೀಖು ಇನ್ನೊಂದು. 20 ದಾಟಿದರೆ ತೆರಿಗೆ ಕಟ್ಟಬೇಕಾದವರಿಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಗೆ ಬಡ್ಡಿ ಬೇರೆ. ವ್ಯವಹಾರವೇ ಇಲ್ಲದ ತಿಂಗಳಿಗೂ ದಿನಕ್ಕೆ 20 ರೂಪಾಯಿ. ಗಡುವಿನ ರಾತ್ರಿ ನನ್ನ ಮನೆಯಲ್ಲಿ ನೆಟ್ ಹೋದರೆ ದಂಡ ಬೀಳುವುದು ನನ್ನನ್ನು ನಂಬಿದವರ ಮೇಲೆ. ಹಾಗಾಗಿ ಮಂಡ್ಯ ಜಿಲ್ಲೆಯಲ್ಲಿ ಮನೆ ಹುಡುಕಲು ಹೊರಟಾಗ ನೆಟ್‌ವರ್ಕನ್ನು ಬಾಡಿಗೆಯ ಒಂದು ಭಾಗ ಎಂದೇ ಲೆಕ್ಕ ಹಾಕಿದೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

ಕೊನೆಗೆ ಮೂರು ಮನೆ ಉಳಿದವು. ಮೊದಲನೆಯದು ಮಂಡ್ಯ ನಗರದಲ್ಲಿ, ಬಾಡಿಗೆ 13,000. ಬೀದಿಯಲ್ಲಿ ಫೈಬರ್ ಆಗಲೇ ಇತ್ತು. ಎರಡನೆಯದು ಮದ್ದೂರಿನ ಅಂಚಿನಲ್ಲಿ, ಪಕ್ಕದಲ್ಲೇ ತೆಂಗಿನ ತೋಟ, ಬಾಡಿಗೆ 9,000. ಮೂರನೆಯದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ದೊಡ್ಡ ಹಜಾರ, ಹಿತ್ತಲು, ಬಾವಿ ಎಲ್ಲ ಸೇರಿ ಬರೀ 5,500. ಅತ್ತೆಯವರಿಗೆ ಹಿಡಿಸಿದ್ದು ಮೂರನೆಯ ಮನೆ. ಅದರ ಮಾಲೀಕರು ನೆಟ್‌ವರ್ಕ್ ವಿಷಯಕ್ಕೆ ಹೇಳಿದ ಮಾತು ಇದು: "ಟವರ್ ಸಿಕ್ತದೆ ಕನವ್ವ, ಮಹಡಿ ಮ್ಯಾಕ್ ಹೋದ್ರೆ ಜೋರಾಗ್ ಸಿಕ್ತದೆ." ಅವರು ಸುಳ್ಳು ಹೇಳಲಿಲ್ಲ. ಮಹಡಿಯಲ್ಲಿ ಸಿಗ್ನಲ್ ನಿಜವಾಗಿಯೂ ಚೆನ್ನಾಗಿತ್ತು. ಕೆಳಗಿನ ಹಜಾರಕ್ಕೆ ಬಂದು ಬಾಗಿಲು ಹಾಕಿದರೆ ಒಂದು ಕಡ್ಡಿ, ಒಳಕೋಣೆಯಲ್ಲಿ ಅದೂ ಇಲ್ಲ.

ಈಗ ತಿಂಗಳ ಖರ್ಚು ನೋಡಿ. 499 ರೂಪಾಯಿಯ ಫೈಬರ್ ಪ್ಲಾನ್‌ಗೆ 18% ಜಿಎಸ್‌ಟಿ ಸೇರಿದರೆ 589 ಆಗುತ್ತದೆ. ಮಂಡ್ಯದ ಮನೆಗೆ ಒಟ್ಟು 13,589. ಮದ್ದೂರಿನ ಮನೆಗೂ ಅದೇ 589, ಜೊತೆಗೆ ಫೈಬರ್ ಕೈಕೊಟ್ಟ ದಿನಕ್ಕೆಂದು ಬೇರೆ ಕಂಪನಿಯ ಎರಡನೇ ಸಿಮ್‌ಗೆ ಸುಮಾರು 300, ಒಟ್ಟು 9,889. ಹಳ್ಳಿಯ ಮನೆಗೆ ಫೈಬರ್ ಇಲ್ಲ. ಎರಡು ಸಿಮ್‌ನ ಡೇಟಾಗೆ 700, ಗಡುವಿನ ದಿನಗಳಿಗೆಂದು ಮಳವಳ್ಳಿ ಪೇಟೆಯಲ್ಲಿ ಒಂದು ಸಣ್ಣ ರೂಮಿಗೆ 3,000, ಓಡಾಟದ ಪೆಟ್ರೋಲಿಗೆ 1,500. ಬಾಡಿಗೆ ಸೇರಿ 10,700. ಕೇಳಿದಾಗ ಎಲ್ಲಕ್ಕಿಂತ ಅಗ್ಗವಾಗಿದ್ದ ಮನೆ ಕೂಡಿದಾಗ ಮದ್ದೂರಿನ ಮನೆಗಿಂತ ತಿಂಗಳಿಗೆ 811 ರೂಪಾಯಿ ದುಬಾರಿ. ಓಡಾಟದಲ್ಲಿ ಹೋಗುವ ಸಮಯವನ್ನು ಇದರಲ್ಲಿ ಸೇರಿಸಿಲ್ಲ.

ಇದೇ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಬೇಸಾಯ ಮಾಡಿಕೊಂಡು ಡೇರಿಗೆ ಹಾಲು ಹಾಕುವ ಕುಟುಂಬಕ್ಕೆ ಕರೆ ಮಾತಾಡುವಷ್ಟು, ಫೋನ್‌ಪೇ ನಡೆಯುವಷ್ಟು, ಬ್ಯಾಂಕಿನ ಓಟಿಪಿ ಬರುವಷ್ಟು ಸಿಗ್ನಲ್ ಇದ್ದರೆ ಸಾಕು. ಅವರಿಗೆ ಆ 5,500ರ ಮನೆಯೇ ಲಾಭ. ಮಕ್ಕಳಿಗೆ ಆನ್‌ಲೈನ್ ಪಾಠ ಇದ್ದರೆ ಬೇರೆ ಲೆಕ್ಕ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾರಕ್ಕೊಂದೆರಡು ದಿನ ಬೆಂಗಳೂರಿನ ಆಫೀಸಿಗೆ ಹೋಗಿಬಂದು ಉಳಿದ ದಿನ ಊರಿನಿಂದಲೇ ಕೆಲಸ ಮಾಡುವವರು ನನ್ನ ಪರಿಚಯದಲ್ಲೇ ಇದ್ದಾರೆ. ಅವರಿಗೆ ಫೈಬರ್ ಇಲ್ಲದ ಮನೆ ಬೇಡವೇ ಬೇಡ. ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಹೊತ್ತಿನಲ್ಲಿ ಎಷ್ಟು ನೆಟ್ ಬೇಕು ಎಂದು ಮೊದಲು ಬರೆದುಕೊಳ್ಳಿ. ಆಮೇಲೆ ಮನೆ ನೋಡಲು ಹೊರಡಿ.

"ಬ್ರಾಡ್‌ಬ್ಯಾಂಡ್ ಇದೆ" ಎಂಬ ಒಂದೇ ಮಾತಿಗೆ ಒಪ್ಪಿಬಿಡಬೇಡಿ. 2023ರ ಜನವರಿಯಲ್ಲಿ ಸರ್ಕಾರ ವ್ಯಾಖ್ಯೆಯನ್ನು ಬದಲಿಸಿದ ಮೇಲೂ ಸೆಕೆಂಡಿಗೆ 2 ಮೆಗಾಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್. ಒಬ್ಬರ ವಿಡಿಯೋ ಕರೆಗೇ ಅದು ಇಕ್ಕಟ್ಟು. ಹಾಗೆಯೇ "ನಮ್ಮೂರಿಗೆ ಫೈಬರ್ ಬಂದಿದೆ" ಎಂದರೆ ಎಲ್ಲಿಯವರೆಗೆ ಬಂದಿದೆ ಎಂದು ಕೇಳಿ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಕೇಂದ್ರದ ಯೋಜನೆಯ ಗುರಿ ಮೊದಲಿಗೆ ಗ್ರಾಮ ಪಂಚಾಯಿತಿಗೆ ಕೇಬಲ್ ಮುಟ್ಟಿಸುವುದಾಗಿತ್ತು. ಪಂಚಾಯಿತಿ ಕಚೇರಿಯಿಂದ ನಿಮ್ಮ ಬಾಗಿಲಿಗೆ ಯಾರಾದರೂ ಎಳೆಯದಿದ್ದರೆ ಆ ಫೈಬರ್ ನಿಮ್ಮ ಪಾಲಿಗೆ ಇಲ್ಲ.

ನಮ್ಮ ಭೂಮಿಯ ಗುಣವನ್ನೂ ಗಮನಿಸಬೇಕು. ತೆಂಗಿನ ಗರಿ, ಆಳೆತ್ತರ ಮೀರಿದ ಕಬ್ಬು ಎರಡೂ ನೀರು ತುಂಬಿದ ಹಸಿರು. ಅದರೊಳಗೆ ಹಾಯುವಾಗ ಸಿಗ್ನಲ್ ಕ್ಷೀಣಿಸುತ್ತದೆ. ಕಟಾವಾದ ಗದ್ದೆಯ ನಡುವೆ ನಿಂತು ನೋಡಿದ ಸಿಗ್ನಲ್ಲನ್ನು ಬೆಳೆ ನಿಂತ ಕಾಲಕ್ಕೂ ನಂಬಿಕೊಳ್ಳಬಾರದು. ಹಲಗೂರು ದಾಟಿ ಮುತ್ತತ್ತಿಯ ಕಾಡು, ಗುಡ್ಡಗಳ ಕಡೆ ಹೋದಂತೆ ಟವರ್‌ಗಳೇ ವಿರಳ. ಮನೆಯ ವಿಷಯಕ್ಕೆ ಬಂದರೆ ಕಾಂಕ್ರೀಟ್ ತಾರಸಿ, ದಪ್ಪ ಗೋಡೆ ಸಿಗ್ನಲ್ಲನ್ನು ತಗ್ಗಿಸುತ್ತವೆ, ತಗಡಿನ ಶೀಟು ಇನ್ನೂ ಹೆಚ್ಚು ತಡೆಯುತ್ತದೆ. 5ಜಿಗೆ ಹೆಚ್ಚಾಗಿ ಬಳಸುವ 3300 ಮೆಗಾಹರ್ಟ್ಸ್ ಆಸುಪಾಸಿನ ತರಂಗ ಕೆಳಗಿನ ಬ್ಯಾಂಡ್‌ಗಳಷ್ಟು ಸಲೀಸಾಗಿ ಗೋಡೆ ದಾಟುವುದಿಲ್ಲ. ರಸ್ತೆಯಲ್ಲಿ 5ಜಿ ಎಂದು ತೋರಿಸಿದ ಫೋನು ಅಡುಗೆಮನೆಯಲ್ಲಿ ಸುಮ್ಮನಾಗಲು ಇದೂ ಒಂದು ಕಾರಣ.

ಮೊಬೈಲ್ ಕಂಪನಿಗಳು ತಮ್ಮ ಜಾಲತಾಣದಲ್ಲಿ ಕವರೇಜ್ ನಕ್ಷೆ ಹಾಕಬೇಕೆಂಬ ನಿಯಮವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರಲ್ಲಿ ತಂದಿದೆ. ಮನೆಗೆ ಹೋಗುವ ಮುಂಚೆಯೇ ಆ ನಕ್ಷೆ ನೋಡಿ, ಆದರೆ ಅದು ಒಳಕೋಣೆಯ ಸ್ಥಿತಿ ಹೇಳುವುದಿಲ್ಲ. ಅಲ್ಲಿಗೆ ಹೋದಾಗ ಎರಡು ಕಂಪನಿಯ ಸಿಮ್ ಜೊತೆಗಿರಲಿ. ಮಲಗುವ ಕೋಣೆ, ಅಡುಗೆಮನೆ, ನೀವು ಕೆಲಸಕ್ಕೆ ಕೂರುವ ಜಾಗ, ಮೂರೂ ಕಡೆ ಬಾಗಿಲು ಹಾಕಿ ಕರೆ ಮಾಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಮೈನಸ್ ಅಂಕಿಯಲ್ಲಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನ, ಮೈನಸ್ 110 ದಾಟಿದರೆ ಕಷ್ಟ. ಟ್ರಾಯ್‌ನ ಮೈಸ್ಪೀಡ್ ಆ್ಯಪ್‌ನಲ್ಲಿ ಡೌನ್‌ಲೋಡ್ ಜೊತೆ ಅಪ್‌ಲೋಡ್ ವೇಗವನ್ನೂ ನೋಡಿ, ಫೈಲ್ ಕಳಿಸುವವರಿಗೆ ಮುಖ್ಯ ಅದೇ. ಸಂಜೆ ಎಂಟರ ಮೇಲೆ ಊರೆಲ್ಲ ಫೋನ್ ಹಿಡಿದಿರುವಾಗ ಇನ್ನೊಂದು ಸಲ ನೋಡಿ. ಪಕ್ಕದ ಮನೆಯವರನ್ನು "ಯಾವ ಸಿಮ್ ಇಟ್ಕೊಂಡಿದ್ದೀರಿ?" ಎಂದು ಕೇಳಿ. ಒಂದೇ ಕಂಪನಿ ಕೈಕೊಡುತ್ತಿದ್ದರೆ ಮನೆ ಬಿಡಬೇಕಿಲ್ಲ, ನಂಬರ್ ಉಳಿಸಿಕೊಂಡೇ ಪೋರ್ಟ್ ಆಗಬಹುದು.

ನಾನು ಮದ್ದೂರಿನ ಮನೆ ಹಿಡಿದೆ. ಮುಂಗಡ ಕೊಡುವ ಮೊದಲೇ ಕೇಬಲ್‌ನವರನ್ನು ಕರೆಸಿ ಕಂಬದಿಂದ ಮನೆವರೆಗಿನ ದಾರಿ ತೋರಿಸಿದೆ. "ಎಳೀಬೋದು ಮೇಡಂ, ಓನರ್ ಗೋಡೆ ಕೊರೆಯಕ್ ಒಪ್ಬೇಕು ಅಷ್ಟೇ" ಎಂದರು. ಮಾಲೀಕರ ಜೊತೆ ಮಾತಾಡಿ, ಇಂಟರ್ನೆಟ್ ವೈರು ಎಳೆಸಲು ಅಡ್ಡಿಯಿಲ್ಲ ಎಂಬ ಒಂದು ಸಾಲನ್ನು ಕರಾರು ಪತ್ರದಲ್ಲೇ ಬರೆಸಿದೆ. ಕರೆಂಟ್ ಹೋದರೆ ಫೈಬರ್ ಡಬ್ಬಿಯೂ ನಿಂತುಹೋಗುವುದರಿಂದ ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ತಂದಿಟ್ಟೆ. ರಿಟರ್ನ್ ದೃಢೀಕರಣದ ಓಟಿಪಿ ಮೊಬೈಲಿಗೂ ಬರುವುದರಿಂದ ಫೈಬರ್ ಇದ್ದರೂ ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯ ಪಕ್ಕವೇ ಮೇಜು ಹಾಕಿಕೊಂಡೆ.

ಕೊನೆಯ ಮಾತು ಮನೆ ಕಟ್ಟಿಸುತ್ತಿರುವವರಿಗೆ. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ಸ್ಟಾರ್ ಕೊಡುವ ವ್ಯವಸ್ಥೆಗೆಂದು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ನಿಯಮ ಹೊರಡಿಸಿತು. ಅದು ಸ್ವಯಂಪ್ರೇರಿತ. ಅದು ನಮ್ಮ ಬೀದಿಯ ಎರಡಂತಸ್ತಿನ ಮನೆಗಳಿಗೆ ಬರಲೆಂದು ಕಾಯುವುದು ಬೇಡ. ಪ್ಲಾಸ್ಟರಿಂಗ್ ಆಗುವ ಮುಂಚೆ, ವೈರಿಂಗ್ ಪೈಪ್ ಇಡುವಾಗಲೇ ಹೊರಗೋಡೆಯಿಂದ ಹಜಾರಕ್ಕೆ, ಹಜಾರದಿಂದ ಪ್ರತಿ ಮಹಡಿಗೆ ಒಂದೊಂದು ಖಾಲಿ ಪೈಪ್ ಹಾಕಿಸಿ, ಅದರ ಪಕ್ಕ ಒಂದು ಪ್ಲಗ್ ಪಾಯಿಂಟ್ ಕೊಡಿಸಿ. ಇಡೀ ಮನೆಯ ವೈರಿಂಗ್ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಅಂಥ ಮನೆಗೆ ತಿಂಗಳಿಗೆ ಐನೂರು ಹೆಚ್ಚು ಬಾಡಿಗೆ ಕೇಳಿದರೂ ನನ್ನಂಥವರು ಸಂತೋಷದಿಂದ ಕೊಡುತ್ತೇವೆ.